ಬಲಗಡೆಯ ಎಂಜಿನ್ ನಿಲ್ಲಿಸಿದ ಮಧ್ಯಾಹ್ನ

ಡಕೋಟಾ ವಿಮಾನದ ಬಾಗಿಲು ಎಡಗಡೆ, ಬಾಲಕ್ಕೆ ಹತ್ತಿರ. ಹಾಗಾಗಿ ನಮ್ಮ ಗುಡ್ಡದ ಮೇಲಿನ ನಿಲ್ದಾಣಕ್ಕೆ ಬರುವ ಕ್ಯಾಪ್ಟನ್‌ಗಳು ರನ್‌ವೇ ಬಿಟ್ಟು ಶೆಡ್ಡಿನ ಕಡೆಗೆ ತಿರುಗುವಾಗಲೇ ಎಡದ ಎಂಜಿನ್ ಬಂದ್ ಮಾಡಿ, ಬಲದ ಒಂದರಲ್ಲೇ ವಿಮಾನವನ್ನು ಉರುಳಿಸಿಕೊಂಡು ಬರುತ್ತಿದ್ದರು. ಪೆಟ್ರೋಲೂ ಉಳಿಯುತ್ತಿತ್ತು, ಇಳಿಯುವವರ ಸೀರೆ, ಮುಂಡಾಸು ಗಾಳಿಗೆ ಹಾರುವುದೂ ತಪ್ಪುತ್ತಿತ್ತು. ನೋಡುವವರಿಗೆ ಸುಲಭ. ಬಲದ ಎಂಜಿನ್ ಮಾತ್ರ ಎಳೆಯುವಾಗ ಮೂತಿ ಎಡಕ್ಕೇ ತಿರುಗುತ್ತದೆ, ಒಂದೇ ಎತ್ತು ಕಟ್ಟಿದ ಗಾಡಿಯ ಹಾಗೆ. ಬಾಲದ ಚಕ್ರ ಅತ್ತಿತ್ತ ತಿರುಗದ ಹಾಗೆ ಬೀಗ ಹಾಕಿ, ಬಲಗಾಲಿನಿಂದ ಬ್ರೇಕನ್ನು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ನೇರ ತರಬೇಕು. ಕಾಲು ಭಾರವಾದವರು ತಂದರೆ ಬ್ರೇಕಿನಿಂದ ಹೊಗೆ ಬರುತ್ತಿತ್ತು. ಅದನ್ನು ಬಿಚ್ಚಿ ನೋಡುವ ಕರ್ಮ ನನ್ನದು.

ನಾನು ಅಲ್ಲಿ ಮೆಕ್ಯಾನಿಕ್ ಆಗಿದ್ದೆ. ಮೂಡಬಿದ್ರೆಯ ಮನೆಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ ಕೆಲಸ. ಐವತ್ತರ ದಶಕದ ಕೊನೆಯ ವರ್ಷಗಳು. ದಿನಕ್ಕೆ ಒಂದು ವಿಮಾನ ಬೊಂಬಾಯಿಯಿಂದ ಬಂದು, ಒಂದು ಗಂಟೆ ನಿಂತು, ತಿರುಗಿ ಬೊಂಬಾಯಿಗೆ ಹೋಗುತ್ತಿತ್ತು. ಆ ಒಂದು ಗಂಟೆಗಾಗಿ ಉಳಿದ ಇಪ್ಪತ್ತಮೂರು ಗಂಟೆ ಕಾಯುವುದು ಎಂದು ನನ್ನ ಅಕ್ಕ ತಮಾಷೆ ಮಾಡುತ್ತಿದ್ದಳು. ಅವಳ ಮನೆಗೆ ಹೋದಾಗಲೆಲ್ಲ "ನಿನ್ನ ಹಕ್ಕಿ ಇವತ್ತು ಸರಿ ತಿಂದಿತಾ?" ಎಂದೇ ವಿಚಾರಿಸುವುದು.

ಅಕ್ಕನನ್ನು ನಾರಾವಿಗೆ ಕೊಟ್ಟಿತ್ತು. ಆ ವರ್ಷ ಅವಳಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬೆಳ್ತಂಗಡಿಯ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಬಂಟ್ವಾಳದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಏನೂ ಹೇಳದೆ ಮಂಗಳೂರಿಗೆ ಚೀಟಿ ಬರೆದರು. ಅಲ್ಲಿ ಎಕ್ಸ್‌ರೇ ತೆಗೆದು ನೋಡಿದವರು, ಹೃದಯದ ಕವಾಟ ಕಿರಿದಾಗಿ ಹೋಗಿದೆ, ಬಿಡಿಸುವ ಆಪರೇಶನ್ ಬೊಂಬಾಯಿಯಲ್ಲಿ ಮಾಡುತ್ತಾರೆ, ಮಳೆಗಾಲಕ್ಕೆ ಮೊದಲು ಮಾಡಿಸಿ ಎಂದರು. ಬಸ್ಸು, ರೈಲು ಎಂದು ಎರಡು ದಿನದ ಪ್ರಯಾಣ ಅವಳು ತಾಳುವುದಿಲ್ಲ, ವಿಮಾನದಲ್ಲಾದರೆ ನೋಡುವ ಎಂದರು. ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತಾಯಿತು. ವಿಮಾನದಲ್ಲಿ ಎರಡು ಸೀಟು ಕೇಳಿದ್ದೆವು, ಸಿಕ್ಕಿದ್ದು ಒಂದೇ. ಬೊಂಬಾಯಿಯಲ್ಲಿ ಭಾವನ ತಮ್ಮ ಇದ್ದ, ಅವನು ಬಂದು ಇಳಿಸಿಕೊಳ್ಳುವುದು, ಭಾವ ಹಿಂದಿನಿಂದ ಬಸ್ಸಿನಲ್ಲಿ ಹೋಗುವುದು ಎಂದು ತೀರ್ಮಾನವಾಯಿತು. ನಿಂತ ಡಕೋಟಾದ ಒಳಗಿನ ನೆಲ ಮುಂದಕ್ಕೆ ಏರುತ್ತಾ ಹೋಗುತ್ತದೆ. ಅಕ್ಕನಿಗೆ ಅದನ್ನು ಹತ್ತಲಾಗದೆಂದು ಬಾಗಿಲಿನ ಹತ್ತಿರ, ಕೊನೆಯ ಸಾಲಿನಲ್ಲಿ, ಬಲಗಡೆಯ ಕಿಟಕಿಯ ಸೀಟನ್ನು ನಾನೇ ಹೇಳಿ ಇರಿಸಿಕೊಂಡಿದ್ದೆ.

ಆ ದಿನ ಪಡುವಣದಲ್ಲಿ ಮೋಡ ಕಟ್ಟಿತ್ತು. ಮೊದಲ ಮಳೆ ಇವತ್ತೋ ನಾಳೆಯೋ ಎನ್ನುವ ಹಾಗಿತ್ತು. ಮಳೆ ಹಿಡಿಯಿತೆಂದರೆ ನಮ್ಮ ಗುಡ್ಡಕ್ಕೆ ವಿಮಾನ ಬರುವುದು ದೇವರಿಗೇ ಪ್ರೀತಿ. ಬಾಡಿಗೆ ಕಾರಿನಲ್ಲಿ ಅಕ್ಕ, ಭಾವ ಬಂದಿಳಿದರು. ಹೊರಗಿನವರನ್ನು ಬೇಲಿಯ ಆಚೆ ನಿಲ್ಲಿಸುವುದು ನಿಯಮ. ನಾನು ಅವರಿಬ್ಬರನ್ನೂ ಒಳಗೆ ಕರೆತಂದು ಶೆಡ್ಡಿನ ನೆರಳಿನಲ್ಲಿ ಬೆಂಚಿನ ಮೇಲೆ ಕೂರಿಸಿದೆ. ನನ್ನ ಅಕ್ಕ, ನನ್ನ ಭಾವ, ನನ್ನ ನಿಲ್ದಾಣ. ಆ ದೊಡ್ಡಸ್ತಿಕೆಯನ್ನು ಈಗ ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

"ಸೂರ್ಯ ಮುಳುಗುವ ಮೊದಲು ಮುಟ್ತದಾ ತಮ್ಮಾ?" ಎಂದು ಅಕ್ಕ ಕೇಳಿದಳು. ನಾವು ಜೈನರು, ಕತ್ತಲಾದ ಮೇಲೆ ಅವಳು ಉಣ್ಣುವವಳಲ್ಲ.

"ಮುಟ್ತದೆ. ಅಲ್ಲಿ ಮೇಲೆ ಸೂರ್ಯ ಸ್ವಲ್ಪ ತಡವಾಗಿಯೇ ಮುಳುಗುವುದು."

"ಹಾಗಾದ್ರೆ ಅವಲಕ್ಕಿ ಮೇಲೆಯೇ ತಿನ್ತೇನೆ" ಎಂದು ನಕ್ಕಳು. ನಗುವುದಕ್ಕೂ ಅವಳು ಒಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.

ವಿಮಾನ ಸಮಯಕ್ಕೆ ಸರಿಯಾಗಿ ಬಂತು. ಎಡದ ಎಂಜಿನ್ ನಿಲ್ಲಿಸಿ, ಬಲದ ಒಂದರಲ್ಲಿ ಉರುಳಿಕೊಂಡು ಬಂದು ನಿಂತಿತು, ಜನ ಇಳಿದ ಮೇಲೆ ಬಲದ್ದನ್ನೂ ನಿಲ್ಲಿಸಿದರು. ಹೊರಡುವ ಹೊತ್ತಿಗೆ ಮೊದಲು ಸ್ಟಾರ್ಟ್ ಮಾಡುವುದು ಬಲದ್ದನ್ನೇ. ಜನ ಹತ್ತುವ ಮೊದಲೇ ಕ್ಯಾಪ್ಟನ್ ಗುಂಡಿ ಒತ್ತಿದರು. ಪಂಖ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದರು. ಒಳಗೆ ಸ್ಟಾರ್ಟರ್ ಗುರ್ ಎಂದು ಸುಮ್ಮನೆ ತಿರುಗುವ ಶಬ್ದ ಬಂತೇ ವಿನಾ ಪಂಖ ಹಾಗೇ ನಿಂತಿತ್ತು. ಏಣಿ ಹಾಕಿ ಮುಚ್ಚಳ ತೆಗೆದು ನೋಡಿದೆ. ಸ್ಟಾರ್ಟರಿನ ಒಳಗಿನ ದಂಡ ಮುರಿದಿತ್ತು. ಬದಲಿ ಸ್ಟಾರ್ಟರ್ ನಮ್ಮಲ್ಲಿ ಇರಲಿಲ್ಲ.

ಮೊದಲು ಹಗ್ಗದ ಉಪಾಯ ಮಾಡಿದೆವು. ಪಂಖದ ಬುಡಕ್ಕೆ ಹಗ್ಗ ಸುತ್ತಿ ಜೀಪಿನಿಂದ ಜೋರಾಗಿ ಎಳೆದರೆ ಬುಗುರಿ ಬಿಟ್ಟ ಹಾಗೆ ತಿರುಗಿ ಎಂಜಿನ್ ಹಿಡಿಯುವುದುಂಟು. ಬಂಟ್ವಾಳದ ದೋಣಿಯವರಿಂದ ತಂದ ದಪ್ಪ ಹುರಿಹಗ್ಗ ಶೆಡ್ಡಿನಲ್ಲಿತ್ತು. ಎರಡು ಸಲ ಎಳೆದೆವು, ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮೂರನೆಯ ಸಲ ಹಗ್ಗವೇ ಹರಿಯಿತು.

ಕ್ಯಾಪ್ಟನ್ ಕೆಳಗಿಳಿದು ನನ್ನನ್ನು ಬದಿಗೆ ಕರೆದರು. ಬೊಂಬಾಯಿಯವರು, ಮಾತು ಕಡಿಮೆ. ನಾವು ಮಾತಾಡುತ್ತಿದ್ದದ್ದು ಅರ್ಧ ಹಿಂದಿ, ಅರ್ಧ ಇಂಗ್ಲಿಷು.

"ಎಡದ ಎಂಜಿನ್ ಒಂದರಲ್ಲೇ ರನ್‌ವೇಯಲ್ಲಿ ಓಡಿಸುತ್ತೇನೆ. ವೇಗ ಬಂದರೆ ಗಾಳಿಯೇ ಬಲದ ಪಂಖವನ್ನು ತಿರುಗಿಸುತ್ತದೆ. ವಿಮಾನ ಖಾಲಿ ಇರಬೇಕು. ಏನು ಹೇಳುತ್ತೀ?"

ಇದನ್ನು ನಾನು ಕೇಳಿ ಬಲ್ಲೆ, ಕಂಡಿರಲಿಲ್ಲ. ನಮ್ಮ ರನ್‌ವೇಯ ಎರಡೂ ತುದಿಯಲ್ಲಿ ಗುಡ್ಡ ಮುಗಿದು ಕಣಿವೆ. ಸುಮ್ಮನೆ ಬೆಂಚಿನ ಕಡೆ ನೋಡಿದೆ. ಅಕ್ಕ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ಭಾವ ಪೇಪರಿನಿಂದ ಗಾಳಿ ಹಾಕುತ್ತಿದ್ದರು.

"ಮಾಡುವ ಸಾರ್" ಎಂದೆ.

ಸಾಮಾನು ಇಳಿಸಿದೆವು. ಸಿಲಿಂಡರುಗಳಲ್ಲಿ ಎಣ್ಣೆ ನಿಂತಿರಬಾರದೆಂದು ನನ್ನ ಕೈಕೆಳಗಿನ ಖಲಾಸಿಯೂ ನಾನೂ ಬಲದ ಪಂಖವನ್ನು ಕೈಯಿಂದ ಹನ್ನೆರಡು ಎಲೆ, ಅಂದರೆ ನಾಲ್ಕು ಸುತ್ತು, ತಿರುಗಿಸಿದೆವು. ಕ್ಯಾಪ್ಟನ್, ಅವರ ಸಹಾಯಕ, ಇಬ್ಬರ ಬೆನ್ನ ಹಿಂದೆ ನಿಂತ ನಾನು, ಇಷ್ಟೇ ಜನ. ಎಡದ ಎಂಜಿನ್ ಎಳೆದಾಗ ಮೂತಿ ಬಲಕ್ಕೆ ಹೊರಳುತ್ತದೆ. ಕ್ಯಾಪ್ಟನ್ ಎಡಗಾಲನ್ನು ಬ್ರೇಕಿನ ಮೇಲೆ ಆಡಿಸುತ್ತಾ ನಿಧಾನಕ್ಕೆ ವೇಗ ಏರಿಸಿದರು. ಬಲದ ಪಂಖ ಅರ್ಧ ಸುತ್ತು ಹಾಕಿತು, ಇನ್ನರ್ಧ ಹಾಕಿತು, ಅಷ್ಟರಲ್ಲಿ ರನ್‌ವೇಯ ತುದಿ ಮುಂದೆ ಬಂತು. ಕ್ಯಾಪ್ಟನ್ ಎಡದ ಎಂಜಿನ್ನಿನ ವೇಗ ಇಳಿಸಿ ಬ್ರೇಕ್ ತುಳಿದರು. ನಿಂತಾಗ ಎದುರಿಗೆ ಕಂಡದ್ದು ಕೆಳಗಿನ ಗದ್ದೆ. ಎಡದ ಬ್ರೇಕು ಮುಟ್ಟಲಾರದಷ್ಟು ಬಿಸಿಯಾಗಿತ್ತು. ಅದು ಆರಲು ಅರ್ಧ ಗಂಟೆ ಬಿಡಬೇಕಾಯಿತು. ಮೋಡ ನೆತ್ತಿಯ ಹತ್ತಿರ ಬರುತ್ತಿತ್ತು.

ಎರಡನೆಯ ಸಲ ಗಾಳಿಗೆ ಎದುರಾಗಿ ಓಡಿಸಿದರು. ಪಂಖ ಒಂದು ಸುತ್ತು, ಎರಡು, ಆಮೇಲೆ ಎಲೆಗಳು ಬೇರೆಬೇರೆಯಾಗಿ ಕಾಣಿಸುವುದು ನಿಂತಿತು. ಸಹಾಯಕ ಪೆಟ್ರೋಲು ಬಿಟ್ಟ ಕೂಡಲೇ ಒಂದು ಗುಡುಗು, ಒಂದು ಮುದ್ದೆ ಹೊಗೆ. ಎಂಜಿನ್ ಹಿಡಿಯಿತು. ನಾನು ಹುಚ್ಚನ ಹಾಗೆ ಕ್ಯಾಪ್ಟನ್‌ರ ಭುಜ ಬಡಿದೆ. ಅವರು ಬೈಯಲಿಲ್ಲ.

ಈಗ ಹೊಸ ಕಟ್ಟುಪಾಡು. ಬಲದ ಎಂಜಿನ್ ನಿಲ್ಲಬಾರದು. ನಿಂತರೆ ಕಥೆ ಮುಗಿಯಿತು, ಅದನ್ನು ಸ್ಟಾರ್ಟ್ ಮಾಡುವ ಸಾಧನ ಇಲ್ಲ. ಎಡದ್ದರ ಸ್ಟಾರ್ಟರ್ ಸರಿಯಿದೆ. ಹಾಗಾಗಿ ಎಡದ್ದನ್ನು ನಿಲ್ಲಿಸಿ, ಬಲದ ಒಂದರಲ್ಲೇ ಶೆಡ್ಡಿಗೆ ಬಂದು, ಅದು ತಿರುಗುತ್ತಿರುವಾಗಲೇ ಎಡಗಡೆಯ ಬಾಗಿಲಿನಿಂದ ಜನರನ್ನು ಹತ್ತಿಸಿ, ಕೊನೆಗೆ ಎಡದ್ದನ್ನು ಸ್ಟಾರ್ಟ್ ಮಾಡಿ ಹೊರಟುಬಿಡುವುದು. ವಾಪಸು ಬರುವಷ್ಟರಲ್ಲಿ ಬಲದ ಬ್ರೇಕೂ ಸುಟ್ಟ ವಾಸನೆ ಹೊಡೆಯಿತು.

ತಿರುಗುವ ಪಂಖ ಕಣ್ಣಿಗೆ ಕಾಣಿಸುವುದಿಲ್ಲ. ನಾನು ಪ್ರಯಾಣಿಕರನ್ನೆಲ್ಲ ಸೇರಿಸಿ ಗಂಟಲು ಹರಿಯುವ ಹಾಗೆ ಹೇಳಿದೆ: ಮೂತಿಯ ಕಡೆ ಯಾರೂ ಕಾಲಿಡಬಾರದು, ಆಚೆ ಬದಿಗೆ ಹೋಗಲೇಬೇಕಾದವರು ಬಾಲ ಸುತ್ತಿ ಹೋಗಬೇಕು. ಭಾವನೂ ಕೇಳಿದರು, ತಲೆಯಾಡಿಸಿದರು. ಅಕ್ಕನನ್ನು ನಾನೂ ಖಲಾಸಿಯೂ ಕುರ್ಚಿಯಲ್ಲಿ ಕೂರಿಸಿ ಎತ್ತಿ ಏಣಿ ಹತ್ತಿಸಿದೆವು. ಸೀಟಿನಲ್ಲಿ ಕೂತ ಮೇಲೆ ಅವಳು ನನ್ನ ಎಣ್ಣೆ ಹತ್ತಿದ ಕೈಯನ್ನು ತನ್ನ ಸೆರಗಿನಿಂದ ಒರಸಿದಳು. ಆ ಗದ್ದಲದಲ್ಲಿ ಅವಳು ಹೇಳಿದ್ದು ನನಗೆ ಕೇಳಿಸಲಿಲ್ಲ. ಮೂರು ತಾಸಿನಲ್ಲಿ ಅವಳು ಬೊಂಬಾಯಿಯಲ್ಲಿ ಇರುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಬಾಗಿಲು ಮುಚ್ಚಿತು. ಏಣಿ ತೆಗೆದೆವು. ನಾನು ಓಡಿಹೋಗಿ ಮೂತಿಯ ಎದುರು, ಎಡಕ್ಕೆ ಸ್ವಲ್ಪ ದೂರದಲ್ಲಿ, ಕ್ಯಾಪ್ಟನ್‌ಗೆ ಕಾಣುವ ಹಾಗೆ ನಿಂತೆ. ಎಡದ ಎಂಜಿನ್ ಸ್ಟಾರ್ಟ್ ಮಾಡಲು ನಾನು ಸನ್ನೆ ಕೊಡಬೇಕು. ಕ್ಯಾಪ್ಟನ್ ನನ್ನ ಕೈಯನ್ನೇ ನೋಡುತ್ತಿದ್ದರು.

ಆಗ ನನ್ನ ಕಣ್ಣಿನ ಓರೆಗೆ ಬಿಳಿ ಪಂಚೆ ಕಂಡಿತು. ಭಾವ ಮೂತಿಯನ್ನು ದಾಟಿ ಆಗಲೇ ಆಚೆ ಬದಿಗೆ ಹೋಗಿದ್ದರು. ಬಲಗೈ ಮೇಲೆತ್ತಿದ್ದರು, ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಕಂದು ಲಕೋಟೆ. ಅವರ ಮುಂದೆಯೇ ಬಲದ ಪಂಖ.

ಕೂಗಿದರೆ ಕೇಳಿಸದು. ಓಡಿದರೆ ಹದಿನೈದು ಹೆಜ್ಜೆ. ಅವಳ ವಿಮಾನ ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಕೈಯನ್ನು ಕುತ್ತಿಗೆಗೆ ಅಡ್ಡ ಎಳೆದೆ. ಎಲ್ಲ ನಿಲ್ಲಿಸು ಎಂಬ ಸನ್ನೆ ಅದು. ಕ್ಯಾಪ್ಟನ್ ಕಾರಣ ಹುಡುಕಲಿಲ್ಲ, ಸ್ವಿಚ್ಚು ಕೆಳಕ್ಕೆ ಹೊಡೆದರು. ಎಂಜಿನ್ ಎರಡು ಸಲ ಬಿಕ್ಕಿ ನಿಂತಿತು.

ನಾನು ಓಡಿ ಮುಟ್ಟಿದಾಗ ಪಂಖ ನಿಶ್ಚಲವಾಗಿತ್ತು. ಭಾವ ಅದರಿಂದ ಎರಡು ಮಾರು ಈಚೆಗೆ ಲಕೋಟೆ ಹಿಡಿದು ನಿಂತಿದ್ದರು.

"ಇದು ನನ್ನ ಕೈಯಲ್ಲೇ ಉಳಿದಿತ್ತು ಮಾರಾಯ. ಇದು ಇಲ್ಲದೆ ಅಲ್ಲಿ ಏನು ನೋಡ್ತಾರೆ?"

"ಬಾಲ ಸುತ್ತಿ ಬನ್ನಿ ಅಂತ ಹೇಳಿರ್ಲಿಲ್ವಾ ಭಾವಾ!"

"ಹೊರಟವಳ ಹತ್ರ ಹಿಂದಿನಿಂದ ಹೋಗುದಾ? ಇಂಥಾ ಕೆಲಸಕ್ಕೆ ಹೊರಟವಳ ಹತ್ರ?"

ನಮ್ಮ ಮನೆಗಳಲ್ಲಿ ಹೊರಟವರನ್ನು ಹಿಂದಿನಿಂದ ಕರೆಯುವುದಿಲ್ಲ, ಹಿಂದಿನಿಂದ ಹೋಗಿ ತಡೆಯುವುದಿಲ್ಲ. ಮರೆತ ಕೊಡೆ ಕೊಡುವುದಿದ್ದರೂ ಅಡ್ಡದಾರಿಯಲ್ಲಿ ಓಡಿ ಎದುರಿನಿಂದ ಬಂದು ಕೊಡುತ್ತೇವೆ. ಬಸ್ಸು ಹೊರಟಿದ್ದರೆ ಅದರ ಮುಂದೆ ಹೋಗಿ ಕೈ ಎತ್ತುತ್ತೇವೆ. ನಾನೂ ಹಾಗೆ ಬೆಳೆದವನೇ. ಬಾಲ ಸುತ್ತಿ ಹೋಗಿ ಎಂದು ಊರಿಗೆಲ್ಲ ಹೇಳುವಾಗ ನನಗೆ ಇದು ಹೊಳೆಯಬೇಕಿತ್ತು. ಭಾವನನ್ನು ಬೇಲಿಯ ಆಚೆ ನಿಲ್ಲಿಸಿದ್ದರೆ ಇಷ್ಟೆಲ್ಲ ಇರಲಿಲ್ಲ.

"ನೀವು ನಿಂತಿದ್ರಾ, ನಡೀತಾ ಇದ್ರಾ?" ಎಂದು ಕೇಳಿದೆ.

"ಗೊತ್ತಿಲ್ಲ. ಕಿವಿ ಕಟ್ಟಿತ್ತು. ಅವಳ ಕಿಟಕಿ ಎಲ್ಲಿ ಅಂತ ನೋಡ್ತಾ ಇದ್ದೆ." ಆಮೇಲೆ ಅವರು ನಿಂತ ಪಂಖವನ್ನು ನೋಡಿದರು, ನನ್ನ ಮುಖ ನೋಡಿದರು. "ಇನ್ನು ಇದು ಸ್ಟಾರ್ಟ್ ಆಗುದಿಲ್ವಾ?" ಎಂದರು. ಅವರ ಧ್ವನಿ ಆಗಲೇ ಸಣ್ಣದಾಗಿತ್ತು.

ಕ್ಯಾಪ್ಟನ್‌ಗೆ ಎಡದ ಸೀಟಿನಿಂದ ಆಚೆ ಬದಿಯ ಕೆಳಗಿನದು ಕಾಣಿಸುವುದಿಲ್ಲ. ಸಹಾಯಕ ತಲೆ ತಗ್ಗಿಸಿ ಸ್ವಿಚ್ಚುಗಳನ್ನು ನೋಡುತ್ತಿದ್ದರಂತೆ. ಇನ್ನೊಮ್ಮೆ ಓಡಿಸುವ ಎಂದು ನಾನು ಕೈ ಮುಗಿದೆ. ಕ್ಯಾಪ್ಟನ್ ಬ್ರೇಕಿನ ಹತ್ತಿರ ಕುಳಿತು ಅದರ ಶಾಖಕ್ಕೆ ಕೈ ಒಡ್ಡಿ ನೋಡಿದರು. ಅವರು ಏಳುವ ಮೊದಲೇ ರೆಕ್ಕೆಯ ಮೇಲೆ ಮೊದಲ ಹನಿಗಳು ಟಪಟಪ ಬಿದ್ದವು.

"ಸುಟ್ಟ ಬ್ರೇಕು, ಒದ್ದೆ ರನ್‌ವೇ. ಇಲ್ಲ. ಕ್ಷಮಿಸು" ಎಂದರು.

ಭಾವನ ಮೆಟ್ಟಿನ ಗುರುತು ಮುರಕಲ್ಲಿನ ಕೆಂಪು ಪುಡಿಯಲ್ಲಿ ಚೆನ್ನಾಗಿ ಮೂಡಿತ್ತು. ಕೊನೆಯ ಹೆಜ್ಜೆಗಳು ಎರಡೂ ಜೊತೆಯಾಗಿ ಇವೆಯೋ, ಒಂದರ ಮುಂದೆ ಒಂದು ಇವೆಯೋ, ಬಗ್ಗಿ ನೋಡಿದರೆ ಏನಾದರೂ ತಿಳಿಯುತ್ತಿತ್ತು. ನಾನು ನೋಡಲಿಲ್ಲ. ನನಗೆ ಹೆದರಿಕೆಯಾಯಿತು. ಮಳೆ ಜೋರಾಗಿ ಐದು ನಿಮಿಷದಲ್ಲಿ ಅಲ್ಲೆಲ್ಲ ಕೆಂಪು ನೀರು ಹರಿಯಿತು.

ಅಕ್ಕನನ್ನು ಅದೇ ಕುರ್ಚಿಯಲ್ಲಿ ಇಳಿಸಿದೆವು. ಕಾರಿನಲ್ಲಿ ಕೂತ ಮೇಲೆ "ಅವಲಕ್ಕಿ ಉಳೀತು, ನೀನು ತಿನ್ನು" ಎಂದು ಕಟ್ಟನ್ನು ನನ್ನ ಕೈಗೆ ಕೊಟ್ಟಳು.

ಬದಲಿ ಸ್ಟಾರ್ಟರ್ ರಸ್ತೆಯ ಮೇಲೆ ಬಂದದ್ದು ನಾಲ್ಕನೆಯ ದಿನ. ಕೂರಿಸಲು ನನಗೆ ಎರಡು ಗಂಟೆ ಸಾಕಾಯಿತು. ವಿಮಾನ ಹೋಯಿತು, ಅಕ್ಕ ಹೋಗಲಿಲ್ಲ. ಅಷ್ಟರಲ್ಲಿ ಅವಳ ಕಾಲು ಬಾತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಈ ಸ್ಥಿತಿಯಲ್ಲಿ ಕಾರಿಗೂ ಹತ್ತಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ನಾನು ರಜೆ ಹಾಕಿ ನಾರಾವಿಗೆ ಹೋದೆ. ಅವಳು ದಿಂಬುಗಳಿಗೆ ಒರಗಿ ಕೂತೇ ಇದ್ದಳು, ಕೂತೇ ನಿದ್ದೆ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಭಾವ ಅಳದಂಗಡಿಗೆ ಔಷಧಿ ತರಲು ಹೋಗಿದ್ದಾಗ ಅವಳು ನನ್ನನ್ನು ಹತ್ತಿರ ಕೂರಲು ಹೇಳಿದಳು. ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು ಹೇಳಿದಳು.

"ನೀನು ಊಟ ಬಿಟ್ಟಿದ್ದಿ. ನನಗೆ ಕಾಣುದಿಲ್ಲ ಅಂತ ತಿಳ್ಕೊಂಡಿದ್ದಿಯಾ? ಕೇಳು. ನಾನು ಕಿಟಕಿಯಿಂದ ನೋಡ್ತಾ ಇದ್ದೆ. ಅವರು ನಡೀತಾ ಇದ್ರು, ನಿಲ್ಲುವ ಅಂದಾಜೇ ಇರ್ಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಿದ್ರೆ ಹೋಯ್ತು. ನೀನು ಸರಿ ಮಾಡಿದ್ದಿ."

"ನಿಜವಾಗಿ ಕಂಡಿಯಾ ಅಕ್ಕಾ?"

"ಕಂಡದ್ದಕ್ಕೇ ಹೇಳುದು. ಆದ್ರೆ ಅವರ ಹತ್ರ ಈ ಮಾತು ಎತ್ತಬೇಡ. ತನ್ನಿಂದ ಆಯ್ತು ಅಂತ ನೊಂದ್ಕೊಳ್ತಾರೆ."

ನಾನು ಅವಳ ಹಾಸಿಗೆಗೆ ಹಣೆಯಿಟ್ಟು ಅತ್ತೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಅದಾದ ಮೂರನೆಯ ದಿನ ತೀರಿಕೊಂಡಳು.

ಅವಳ ಆ ಮಾತು ಇಲ್ಲದಿದ್ದರೆ ನಾನು ಆ ಕೆಲಸ ಬಿಟ್ಟುಬಿಡುತ್ತಿದ್ದೆ. ನಡೆಯುತ್ತಾ ಇದ್ದರು, ಅಕ್ಕನೇ ಕಂಡಿದ್ದಾಳೆ ಎಂದು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಮನಸ್ಸಿಗೆ ಹೇಳಿಕೊಳ್ಳುತ್ತಾ ಹೋಗುತ್ತಿದ್ದೆ. ಭಾವನ ಎದುರು ಮಾತ್ರ ಒಂದು ಶಬ್ದ ಆಡಲಿಲ್ಲ. ಅವರೂ ಆಡಲಿಲ್ಲ.

ಮೂರು ವರ್ಷ ಕಳೆದ ಮೇಲೆ ಒಂದು ಮದುವೆಗೆ ಹೋಗಿ ಬರುವಾಗ ನಾವಿಬ್ಬರೂ ಪುಂಜಾಲಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಹೋಟೆಲಿನ ಬೆಂಚಿನಲ್ಲಿ ಚಾ ಕುಡಿಯುತ್ತಾ ಭಾವ ನನ್ನ ಕಡೆ ತಿರುಗಿದರು.

"ಒಂದು ಮಾತು ಹೇಳ್ಲಿಕ್ಕುಂಟು. ಅವಳು ಹೇಳಬೇಡ ಅಂದಿದ್ದಳು. ನನಗೂ ವಯಸ್ಸಾಯ್ತು, ಒಳಗೆ ಇಟ್ಕೊಂಡು ಸಾಕಾಯ್ತು ಮಾರಾಯ."

"ಹೇಳಿ ಭಾವಾ."

"ಆ ದಿನ ನಾನು ನಿಂತಿದ್ದೆನಂತೆ. ಅವಳು ಕಿಟಕಿಯಿಂದ ನೋಡಿದ್ದಾಳೆ. 'ನೀವು ನಿಂತು ಕೈ ಎತ್ತಿದ್ರಿ, ತಮ್ಮ ದೂರದಿಂದ ಹೆದರಿದ. ನಿಮ್ಮಿಂದ ಏನೂ ಆದದ್ದಲ್ಲ' ಅಂದಳು. ತಮ್ಮನ ಹತ್ರ ಹೇಳಬೇಡಿ, ಅವನು ತಾಳುದಿಲ್ಲ ಅಂತ ಆಣೆ ಹಾಕಿಸಿದಳು." ಚಾದ ಲೋಟ ಕೆಳಗಿಟ್ಟು ನನ್ನ ಮೊಣಕಾಲು ಮುಟ್ಟಿದರು. "ಆ ಒಂದು ಮಾತಿನಿಂದ ನಾನು ಇಷ್ಟು ದಿನ ಇದ್ದೇನೆ. ನಿನ್ನ ಮೇಲೆ ನನಗೆ ಏನೂ ಇಲ್ಲ. ನೀನು ಮಾಡಿದ್ದು ನನ್ನನ್ನು ಉಳಿಸ್ಲಿಕ್ಕೇ ಅಲ್ವಾ?"

ನನ್ನ ಬಾಯಿಯವರೆಗೆ ಬಂದದ್ದನ್ನು ಚಾದ ಜೊತೆ ನುಂಗಿದೆ. "ಹೌದು ಭಾವಾ, ನೀವು ನಿಂತೇ ಇದ್ರಿ" ಎಂದೆ.

ಮರುದಿನ ವಿಮಾನ ಎಂದಿನಂತೆ ಒಂದು ಎಂಜಿನ್ನಿನಲ್ಲಿ ಉರುಳಿಕೊಂಡು ಬಂದು ನಿಂತಿತು. ಜನ ಇಳಿದರು, ಬಲದ ಎಂಜಿನ್ನೂ ನಿಂತಿತು. ಖಲಾಸಿಯನ್ನು ಕರೆದು ಬಲದ ಪಂಖದ ಎದುರು ಎರಡು ಮಾರು ದೂರದಲ್ಲಿ ನಿಲ್ಲಿಸಿ, ಕೈ ಮೇಲೆತ್ತಿಕೊಂಡಿರು ಎಂದು ಹೇಳಿದೆ. ನಾನು ಏಣಿ ಹತ್ತಿ ಒಳಗೆ ಹೋಗಿ ಕೊನೆಯ ಸಾಲಿನಲ್ಲಿ, ಬಲಗಡೆಯ ಸೀಟಿನಲ್ಲಿ ಕುಳಿತು ಕಿಟಕಿಗೆ ಮುಖ ಒತ್ತಿದೆ.

ಅಗಲವಾದ ರೆಕ್ಕೆ, ರೆಕ್ಕೆಯ ಮೇಲೆ ಎಂಜಿನ್ನಿನ ದಪ್ಪ ಬೆನ್ನು. ಸೀಟಿನಲ್ಲಿ ಮುಂದೆ ಜರುಗಿ ನೋಡಿದೆ, ಎದ್ದು ನಿಂತು ನೋಡಿದೆ, ಬಗ್ಗಿ ನೋಡಿದೆ. "ಕೈ ಇಳಿಸುದಾ?" ಎಂದು ಖಲಾಸಿ ಕೂಗಿದ್ದು ಕೇಳಿಸಿತು. ಅವನ ಕೈಯಾಗಲಿ ತಲೆಯಾಗಲಿ ಕಾಲಾಗಲಿ ಅಲ್ಲಿಂದ ಕಾಣಿಸಲಿಲ್ಲ.